ಹೆಸರು ಹೇಳದ ಆಣೆ

ಫೆಬ್ರವರಿ ೧೨, ಬುಧವಾರ

ಈ ಡೈರಿ ಸೊಸೈಟಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಇಷ್ಟು ದಿನ ಅದರ ಮೇಲೆ ಅತ್ತೆ ತಮ್ಮ ಕನ್ನಡಕ ಇಡುತ್ತಿದ್ದರು. ಇವತ್ತು ಕನ್ನಡಕವನ್ನು ಕೆಳಗಿಟ್ಟು ಬರೆಯಲು ಕೂತಿದ್ದೇನೆ. ಹೊಟ್ಟೆಯಲ್ಲಿರುವುದನ್ನು ಬಾಯಲ್ಲಿ ಹೇಳಿದರೆ ಅತ್ತೆಗೆ ಕೇಳುತ್ತದೆ. ಅತ್ತೆಗೆ ಕೇಳಿದ್ದು ಉಪ್ಪುಂದ ಪೇಟೆಗೆ ನನಗಿಂತ ಮೊದಲು ಮುಟ್ಟುತ್ತದೆ.

ಗುರುವನನ್ನು ನಾನು ಬಿಡುವುದಿಲ್ಲ. ಮೊದಲು ಅದನ್ನು ಬರೆದಿಡುತ್ತೇನೆ, ಉಳಿದದ್ದು ಆಮೇಲೆ.

ಬೆಳಿಗ್ಗೆ ಎಲ್ಲ ಎಂದಿನ ಹಾಗೆಯೇ ಇತ್ತು. ನಾಲ್ಕಕ್ಕೆ ಎದ್ದು ಕಾಫಿ ಮಾಡಿದೆ. ಮಗ ಸುಜನ್‌ನ ಲೋಟವನ್ನು ಅವನ ಮೂಗಿನ ಹತ್ತಿರ ಹಿಡಿದು ಎಬ್ಬಿಸಿದೆ. ಪುಸ್ತಕದ ಮುಂದೆ ಕೂರಿಸಿ, ಮತ್ತೆ ನಿದ್ದೆ ಬಂದರೆ ಇರಲೆಂದು ಇನ್ನೊಂದು ಲೋಟ ಫ್ಲಾಸ್ಕಿಗೆ ಹೊಯ್ದು, ಮೀನಿನ ಬುಟ್ಟಿ ತೆಗೆದುಕೊಂಡು ಬಂದರಿಗೆ ಹೋದೆ. ಹತ್ತನೇ ತರಗತಿ, ಬರುವ ತಿಂಗಳು ಪರೀಕ್ಷೆ. ನಾನು ಅದೇ ಪರೀಕ್ಷೆಯಲ್ಲಿ ಫೇಲಾದವಳು. ನನ್ನ ಮಗ ಆಗಬಾರದು.

ಬೈಂದೂರಿನಲ್ಲಿ ಬಂಗುಡೆ ಮಾರುತ್ತಿದ್ದಾಗ ಶಾಲೆಯಿಂದ ಫೋನ್ ಬಂತು. ಬುಟ್ಟಿಯ ಸಮೇತ ರಿಕ್ಷಾ ಹತ್ತಿದೆ. ಆಟದ ಹೊತ್ತಿನಲ್ಲಿ ಹುಡುಗ ಕಬಡ್ಡಿ ಗೆರೆಯ ಮೇಲೆ ಕುಸಿದು ಬಿದ್ದಿದ್ದನಂತೆ. ನಾನು ಹೋಗಿ ಮುಟ್ಟುವಾಗ ಅವನ ಬೆರಳುಗಳು ನಡುಗುತ್ತಿದ್ದವು. ಎದೆಯ ಮೇಲೆ ಕೈಯಿಟ್ಟರೆ ಒಳಗೆ ಯಾರೋ ಚೆಂಡೆ ಬಾರಿಸುವ ಹಾಗೆ. ಟೀಚರು ಅವನ ಚೀಲ ಬಿಚ್ಚಿ ತೋರಿಸಿದರು. ಕುದುರೆ ಚಿತ್ರದ ಎನರ್ಜಿ ಡ್ರಿಂಕಿನ ತಗಡಿನ ಡಬ್ಬಿ, ಖಾಲಿ. ಜೊತೆಗೆ ಕಾಫಿ ಚಾಕಲೇಟಿನ ಸಿಪ್ಪೆಗಳು.

ಕುದುರೆ ಚಿತ್ರದ ಡಬ್ಬಿ ನಮ್ಮ ಕೇರಿಯಲ್ಲಿ ಇರುವುದು ಒಂದೇ ಫ್ರಿಜ್ಜಿನಲ್ಲಿ. ಅದು ಗುರುವನ ಅಂಗಡಿಯದು. ಕುಡಿದರೆ ಕುದುರೆಯ ಹಾಗೆ ಓಡುತ್ತಾರೆ ಎಂದು ಫ್ರಿಜ್ಜಿನ ಬಾಗಿಲಿಗೆ ಬೋರ್ಡು ಬೇರೆ ಹಾಕಿಸಿದ್ದಾನೆ. ನನ್ನ ಮಗ ಓಡಲಿಲ್ಲ, ಬಿದ್ದ.

ಗುರುವನ ಹೆಂಡತಿ ಸುಗುಣ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಮದುವೆಯಾಗಿ ಬಂದದ್ದು ಪಕ್ಕ ಪಕ್ಕದ ಮನೆಗೆ. ನಾನು ಅಂಜಲ್ ಮೀನು ತಂದ ದಿನ ತಲೆಯ ಹೋಳು ಅವಳಿಗೇ. ಇನ್ನು ಮೇಲೆ ಮುಳ್ಳೂ ಇಲ್ಲ.

ಫೆಬ್ರವರಿ ೧೩, ಗುರುವಾರ

ಸುಜನ್ ಆಸ್ಪತ್ರೆಯಿಂದ ಮನೆಗೆ ಬಂದ. ಜೀವಕ್ಕೆ ಅಪಾಯವಿಲ್ಲ ಎಂದಿದ್ದಾರೆ. ಡಾಕ್ಟರು ಸಣ್ಣ ಪ್ರಾಯದ ಹುಡುಗಿ, ಇನ್ನೂ ಮದುವೆಯೂ ಆಗಿರಲಿಕ್ಕಿಲ್ಲ. "ಈ ಹುಡುಗನ ನಿದ್ದೆ ಕದ್ದುಬಿಟ್ಟಿದ್ದಾರೆ" ಎಂದರು. ಯಾರು ಎಂದು ನನಗೆ ಗೊತ್ತು ಎಂದೆ. ದಿನಕ್ಕೆ ಏನೇನು ಕುಡಿಯುತ್ತಾನೆ ಎಂದು ಕೇಳಿದರು. ಡಬ್ಬಿಯನ್ನೇ ಮೇಜಿನ ಮೇಲಿಟ್ಟು ತೋರಿಸಿದೆ. ಬೇರೆ? ಬೇರೆಂತದು, ಎಲ್ಲರ ಹಾಗೆ ಮನೆಯ ಕಾಫಿ. ಎಷ್ಟು ಸಲ? ಕಾಫಿಯನ್ನು ಯಾರು ಲೆಕ್ಕ ಹಾಕುತ್ತಾರೆ. ಅವರು ಅದನ್ನೂ ಬರೆದುಕೊಂಡು, ಕಾಫಿಯೂ ಸದ್ಯಕ್ಕೆ ಬೇಡ ಎಂದರು. ಓದಿದವರು ಹಾಗೆ ಹೇಳಲೇಬೇಕು. ಮೀನು ತಿನ್ನಬೇಡಿ ಎನ್ನಲಿಲ್ಲವಲ್ಲ, ಪುಣ್ಯ.

ಬಂದವಳೇ ಸೀದಾ ಅಂಗಡಿಗೆ ಹೋದೆ. ಗುರುವ ಬಾಳೆಗೊನೆ ಕಟ್ಟುತ್ತಿದ್ದ. ಡಬ್ಬಿಯನ್ನು ಅವನ ತಕ್ಕಡಿಯಲ್ಲಿ ಹಾಕಿ, ತೂಗು ಎಂದೆ. ಅವನ ಮುಖ ಬೆಳ್ಳಗಾಯಿತು.

"ಅಪ್ಪಯ್ಯಂಗೆ ಅಂದ್ ಹೇಳ್ದ, ಕೊಟ್ಟೆ. ನಾನೆಂತ ಅವ್ನ್ ಬಾಯಿಗ್ ಹೊಯ್ದಿದ್ನಾ?" ಎಂದ.

ನನ್ನ ಮಗನ ಅಪ್ಪಯ್ಯ ಮಲ್ಪೆ ಬೋಟಿನಲ್ಲಿ ನಡುಗಡಲಲ್ಲಿದ್ದಾರೆ. ಅದು ಇಡೀ ಕೇರಿಗೆ ಗೊತ್ತು. ಈ ಗಿರಾಕಿಗೆ ಮಾತ್ರ ಗೊತ್ತಿಲ್ಲ.

"ಈ ಅಂಗ್ಡಿ ಬಾಗ್ಲ್ ಹಾಕ್ಸದಿದ್ರೆ ನಾನ್ ಬಾಗಿ ಸೊಸೆಯೇ ಅಲ್ಲ" ಎಂದೆ. ಬಾಗಿ ಎಂದರೆ ನಮ್ಮ ಅತ್ತೆ. ಅವರ ಹೆಸರಿಗೆ ಈ ಕೇರಿಯಲ್ಲಿ ನಾಯಿಯೂ ಬಾಲ ಇಳಿಸುತ್ತದೆ.

ಸಂಜೆ ಸುಗುಣ ನಮ್ಮಿಬ್ಬರ ಬೇಲಿ ದಾಟುವ ದಣಪೆಯ ಆಚೆ ನಿಂತು, "ಲತಾ, ಮಾಣಿಗ್ ಹ್ಯಾಂಗಿತ್ತೇ?" ಎಂದು ಕೇಳಿದಳು. ಕೈಯಲ್ಲಿ ಮಜ್ಜಿಗೆಯ ಚೆಂಬು. ನಾನು ಬಾಗಿಲು ಹಾಕಿಕೊಂಡೆ. ಅತ್ತೆ ಕಿಟಕಿಯಿಂದ ನೋಡುತ್ತಲೇ ಇದ್ದರು. ಅವರಿಗೆ ಮಜ್ಜಿಗೆಯ ಆಸೆ.

ಫೆಬ್ರವರಿ ೧೪, ಶುಕ್ರವಾರ

ಇವತ್ತು ಬೊಬ್ಬರ್ಯನ ಗುಡಿಗೆ ಹೋದೆ. ಕಡಲಿಗೆ ಹೋಗುವವರ ಕಷ್ಟ ಕೇಳುವ ದೈವ, ಕಡಲಿನವರ ಹೆಂಡತಿಯದ್ದೂ ಕೇಳಬೇಕು. ಅಲ್ಲಿ ದೀಪ ಹಚ್ಚುವ ಸೂರಣ್ಣ ಒಬ್ಬರೇ ಇದ್ದರು. ಆಣೆ ಹಾಕಬೇಕು ಎಂದೆ. ಅವರು ಕಾರಣ ಕೇಳಲಿಲ್ಲ. ಹೆಸರು ಹೇಳಿ ಹಾಕುತ್ತೀಯಾ, ಹೇಳದೆ ಹಾಕುತ್ತೀಯಾ ಎಂದು ಮಾತ್ರ ಕೇಳಿದರು.

"ಹೆಸ್ರ್ ತಪ್ಪಿರೆ ಆಣಿ ತಿರ್ಗಿ ಬಪ್ದ್ ನಿಂಗೇ. ಕಾಣ್ ಮಗಾ" ಎಂದರು.

ನಾನೇನು ನಿನ್ನೆ ಮೊನ್ನೆ ಹುಟ್ಟಿದವಳಾ? ನನ್ನ ಅಮ್ಮ ಹೇಳುತ್ತಿದ್ದ ಕಥೆಗಳಲ್ಲಿ ಹೆಸರು ಹೇಳಿ ಕೆಟ್ಟವರೇ ಎಲ್ಲ. ಬುದ್ಧಿಯಿರುವವಳು ದೈವಕ್ಕೆ ಕೆಲಸ ಒಪ್ಪಿಸುತ್ತಾಳೆ, ಹುಡುಕುವುದು ಅದರ ಪಾಲು. ದೈವದ ಕಲ್ಲಿನ ಮೇಲೆ ಕೈಯಿಟ್ಟು ಹೇಳಿದೆ:

"ನನ್ನ ಮಗನ ನಿದ್ದೆ ಕದ್ದದ್ದು ಯಾರ ಮನೆಯಿಂದ ಬಂದು ಅವನ ಬಾಯಿಗೆ ಹೋಯಿತೋ, ಆ ಮನೆಯ ನೀರು ನನ್ನ ಗಂಟಲಿಗೆ ಇಳಿಯದಿರಲಿ. ಆ ಮನೆಯವರು ಇಲ್ಲಿ ಬಂದು ತಪ್ಪಾಯಿತು ಎನ್ನುವವರೆಗೆ ಈ ಆಣೆ ಉಳಿಯಲಿ."

ನಮ್ಮ ಕಡೆ ಒಂದು ಮನೆಯ ನೀರು ಬಿಟ್ಟರೆ ಎಲ್ಲ ಬಿಟ್ಟ ಹಾಗೆ. ಮದುವೆ ಇಲ್ಲ, ಸಾವಿಗೆ ಹೋದರೂ ಹೊರಗೆ ನಿಲ್ಲುವುದು. ಗುರುವ ಇನ್ನು ಊರಿನ ಮುಂದೆ ಕೈ ಮುಗಿದುಕೊಂಡು ಆ ಗುಡಿಗೆ ಬರಬೇಕು. ಆ ದಿನ ನಾನು ಹೊಸ ಸೀರೆ ಉಡುತ್ತೇನೆ.

ವಾಪಸು ಬರುವಾಗ ಕಾಲು ಹಗುರಾಗಿತ್ತು.

ಫೆಬ್ರವರಿ ೧೭, ಸೋಮವಾರ

ಒಂದು ವಿಷಯ ಆಣೆ ಹಾಕುವಾಗ ಹೊಳೆದಿರಲಿಲ್ಲ.

ನಮ್ಮ ಬಾವಿ ಕಡಲಿಗೆ ಹತ್ತಿರ. ಬಿಸಿಲು ಏರಿದಂತೆ ನೀರು ಉಪ್ಪಾಗುತ್ತದೆ. ಸುಗುಣನ ಬಾವಿ ಕಲ್ಲಿನದು, ಮೇ ತಿಂಗಳಲ್ಲೂ ಎಳನೀರಿನ ಹಾಗೆ ಇರುತ್ತದೆ. ಮದುವೆಯಾಗಿ ಬಂದಂದಿನಿಂದ ಬೇಸಗೆಯಲ್ಲಿ ನಮ್ಮ ಮನೆಯ ಅನ್ನ, ಸಾರು, ಕಾಫಿ ಎಲ್ಲ ಅವಳ ಬಾವಿಯ ನೀರಿನಲ್ಲಿ. ಈ ವರ್ಷ ನಮ್ಮದು ಬೇಗ ಉಪ್ಪಾಗಿದೆ, ನನ್ನ ಹಣೆಬರಹ. ಪಂಚಾಯತಿನ ನಳ್ಳಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದದ್ದು ಗಂಜಿಗೆ, ಕುಡಿಯಲಿಕ್ಕೆ ಸಾಲುವುದೇ ಕಷ್ಟ. ಇವತ್ತು ಬಾವಿ ನೀರಿನಲ್ಲಿ ಕಾಫಿಗಿಟ್ಟೆ. ಹಾಲು ಒಡೆದು ಮೊಸರಿನ ಹಾಗೆ ಗಂಟು ಗಂಟಾಯಿತು. ಸುಜನ್ ಒಂದು ಗುಟುಕು ಕುಡಿದು ಅಂಗಳಕ್ಕೆ ಉಗಿದ.

ಅತ್ತೆ ಮೂಗಿನ ಮೇಲೆ ಬೆರಳಿಟ್ಟು ನೋಡುತ್ತಿದ್ದವರು, "ಆಣಿ ಹಾಕುಕ್ ಮುಂಚೆ ಬಾವಿ ರುಚಿ ಕಾಂಬುದಲ್ದಾ?" ಎಂದರು.

ಸೇಡು ಎಂದರೆ ಸ್ವಲ್ಪ ಉಪ್ಪು ಇರಲೇಬೇಕು. ನಾನು ಬಂದರಿನ ಕ್ಯಾಂಟೀನಿನಲ್ಲಿ ಹಾಲಿಲ್ಲದ ಕಣ್ಣ ಕಾಫಿ ಕುಡಿಯುತ್ತೇನೆ. ಅತ್ತೆಗೆ ಗಂಜಿ ಬಸಿದ ತೆಳಿ. ಮಗನಿಗೂ ಗಂಜಿ ತೆಳಿ. ಕಾಫಿ ಇಲ್ಲದೆ ನಾಲ್ಕು ಗಂಟೆಗೆ ಎಬ್ಬಿಸಲು ಹೋದರೆ ಅವನು ಮಗ್ಗುಲು ಬದಲಿಸಿ ಮಲಗಿದ. ಡಾಕ್ಟರರ ಮಾತ್ರೆಯ ಜೋರಿರಬೇಕು. ಮಲಗಲಿ, ಇನ್ನೂ ಸುಸ್ತಿದೆ.

ಫೆಬ್ರವರಿ ೨೨, ಶನಿವಾರ

ಮೀನಿನ ಬುಟ್ಟಿಯನ್ನು ಜನ ಸಾಧಾರಣ ಎಂದುಕೊಂಡಿದ್ದಾರೆ. ಪೇಪರು ಓದದ ಮನೆ ಉಂಟು, ಟೀವಿ ಹಾಳಾದ ಮನೆ ಉಂಟು, ಮೀನಿನವಳು ಹೋಗದ ಮನೆ ಇಲ್ಲ. ಈ ವಾರವಿಡೀ ನಾನು ಬಂಗುಡೆಯ ಜೊತೆಗೆ ಗುರುವನನ್ನೂ ಮಾರಿದೆ. ಕತ್ತಿ ಆಡಿಸುತ್ತಾ ಶುರು ಮಾಡುತ್ತೇನೆ. ನಿಮ್ಮ ಮನೆಯಲ್ಲೂ ಮಕ್ಕಳಿದ್ದಾರಲ್ಲ ಅಕ್ಕ ಎಂದು. ಕುಸಿದು ಬಿದ್ದಲ್ಲಿಗೆ ಬರುವಾಗ ಅವರ ಕೈ ಎದೆಯ ಮೇಲಿರುತ್ತದೆ. ಡಬ್ಬಿ ಎನ್ನುವಾಗ ಅಯ್ಯೋ ಎನ್ನುತ್ತಾರೆ. ಅಂಗಡಿ ಯಾವುದು ಎಂದು ನಾನು ಹೇಳುವುದಿಲ್ಲ, ಅವರೇ ಕೇಳಬೇಕು. ಕೇಳದವರು ಯಾರೂ ಇಲ್ಲ.

ಗುರುವನ ಅಂಗಡಿಯ ಚೀಲ ಕೈಯಲ್ಲಿ ಹಿಡಿದು ಬಂದವರಿಗೆ ನಿನ್ನೆಯ ಮೀನು.

ಸಂಜೆ ಹೆಂಗಸರ ಸಂಘದ ಮೀಟಿಂಗಿನಲ್ಲಿ ಮಾತೆತ್ತಿದೆ. ಮಕ್ಕಳಿಗೆ ಇಂಥ ಡಬ್ಬಿ ಮಾರುವ ಅಂಗಡಿಗೆ ನಮ್ಮ ಸಂಘದವರು ಕಾಲಿಡಬಾರದು ಎಂದು ಬರೆಯಿರಿ ಎಂದೆ. ಎಲ್ಲರೂ ತಲೆಯಾಡಿಸಿದರು. ಪದ್ದು ಒಬ್ಬಳು ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದಳು.

"ಹಂಗಾರೆ ಮಕ್ಳಿಗೆ ಕಾಫಿನೂ ಕೊಡೂಕಾಗ ಅಂದೇಳಿ ಬರಿ ಮಾರಾಯ್ತಿ. ಅದ್ರಗೂ ಅದೇ ಇತ್ತಂಬ್ರಲೆ" ಎಂದಳು.

ಅಲ್ಲಿಗೆ ಗಲಾಟೆ ಎದ್ದಿತು. ಒಬ್ಬಳು ತನ್ನ ಮಗಳು ಬೆಳಿಗ್ಗೆ ಕಾಫಿ ಕುಡಿಯದೆ ಬಾಯಿಯೇ ಬಿಡುವುದಿಲ್ಲ ಎಂದಳು. ಇನ್ನೊಬ್ಬಳ ಮಗನಿಗೆ ಬಿಸ್ಕತ್ತು ಅದ್ದಲಿಕ್ಕೆ ಬೇಕೇ ಬೇಕಂತೆ. ಮಕ್ಕಳು ಕಾಫಿ ಕುಡಿದರೆ ಕಪ್ಪಾಗುತ್ತಾರೆ ಎಂದು ಹಿಂದಿನವರು ಸುಮ್ಮನೆ ಹೆದರಿಸುತ್ತಿದ್ದರೋ, ಏನಾದರೂ ಗೊತ್ತಿತ್ತೋ ಎಂದು ಮತ್ತೊಬ್ಬಳ ಪ್ರಶ್ನೆ. ಹಾಗಾದರೆ ನಾವೆಲ್ಲ ಯಾಕೆ ಕಪ್ಪು ಎಂದು ಯಾರೋ ಹೇಳಿ ನಗೆಯಾಯಿತು. ನನ್ನ ಕೆಲಸ ಕೆಡುವ ಹಾಗೆ ಕಂಡಿತು.

"ಕಾಫಿ ಮನಿದ್, ಡಬ್ಬಿ ಅಂಗ್ಡಿದ್. ಎರಡನ್ನ ಒಂದೇ ಬುಟ್ಟಿಗ್ ಹಾಕ್ಬೇಡಿ" ಎಂದೆ. ಹಾಗೇ ಬರೆದರು.

ಪದ್ದುವಿಗೆ ಸೋಮವಾರ ಯಾವ ಮೀನು ಕೊಡಬೇಕೆಂದು ನನಗೆ ಗೊತ್ತಿದೆ.

ಫೆಬ್ರವರಿ ೨೫, ಮಂಗಳವಾರ

ಗುರುವನ ಅಂಗಡಿಯ ಮುಂದೆ ನಾಯಿ ಮಲಗಿತ್ತು. ಎಬ್ಬಿಸುವ ಗಿರಾಕಿ ಇಲ್ಲ. ದೈವ ದೊಡ್ಡದು.

ಮಾರ್ಚ್ ೧, ಶನಿವಾರ

ಸುಗುಣ ಹೊಸ ಆಟ ಶುರು ಮಾಡಿದ್ದಾಳೆ. ನಾಲ್ಕು ದಿನದಿಂದ ಬೆಳಿಗ್ಗೆ ದಣಪೆಯ ಮೇಲೆ ಒಂದು ಕೊಡ ನೀರು ಇರುತ್ತದೆ, ಅವಳ ಬಾವಿಯದು. ಮಾತಿಲ್ಲ, ಕಥೆಯಿಲ್ಲ. ಇಟ್ಟು ಒಳಗೆ ಹೋಗುತ್ತಾಳೆ. ನನ್ನ ಆಣೆಯ ಸುದ್ದಿ ಅವಳಿಗೆ ಗೊತ್ತಿಲ್ಲದೆ ಇಲ್ಲ.

ಮೊದಲ ದಿನ ಹಾಗೇ ಬಿಟ್ಟೆ. ಎರಡನೆಯ ದಿನ ಯೋಚನೆ ಬಂತು. ಕೊಡವನ್ನು ಎತ್ತಿ, ಅವಳು ಅಂಗಳ ಗುಡಿಸುತ್ತಿರುವುದನ್ನು ನೋಡಿಕೊಂಡು, ದಣಪೆಯ ಬುಡದಲ್ಲಿ ನಾನು ನೆಟ್ಟ ತೆಂಗಿನ ಸಸಿಗೆ ಹೊಯ್ದೆ. ನಿಧಾನವಾಗಿ, ಕೊನೆಯ ಹನಿಯವರೆಗೂ. ಖಾಲಿ ಕೊಡವನ್ನು ಬೋರಲು ಹಾಕಿ ಬಂದೆ. ಅವಳ ಕೈಯಲ್ಲಿ ಪೊರಕೆ ನಿಂತಿತು. ಅಷ್ಟು ಒಳ್ಳೆಯ ನೀರು ಸಸಿಗೆ ಹೊಯ್ಯುವಾಗ ನನ್ನ ಗಂಟಲೇ ಸುಟ್ಟ ಹಾಗಾಯಿತು, ಆದರೂ ಖುಷಿಯಾಯಿತು. ಈಗ ದಿನಾ ಅದೇ. ಅವಳು ಇಡುತ್ತಾಳೆ, ನಾನು ಹೊಯ್ಯುತ್ತೇನೆ.

ಸುಜನ್ ಈಗ ಚೆನ್ನಾಗಿದ್ದಾನೆ. ಒಂಬತ್ತೂವರೆಗೆ ಮಲಗಿದರೆ ಬೆಳಗಾದ ಮೇಲೆ ತಾನೇ ಏಳುತ್ತಾನೆ. ಕೈ ನಡುಕವಿಲ್ಲ. ಮೊದಲೆಲ್ಲ ಪುಸ್ತಕದ ಮುಂದೆ ಕೂತು ಕಾಲು ಅಲ್ಲಾಡಿಸುತ್ತಿದ್ದ, ಕರೆದರೆ ಸಿಡುಕುತ್ತಿದ್ದ. ನಿನ್ನೆ ಅಜ್ಜಿಗೆ ತಾನೇ ಪೇಪರು ಓದಿ ಹೇಳಿದ. ಆಣೆ ಹಾಕಿದ ದಿನದಿಂದಲೇ ಇದೆಲ್ಲ. ದೈವ ಒಂದು ಕೈಯಲ್ಲಿ ಅವರನ್ನು ಹಿಡಿದರೆ ಇನ್ನೊಂದು ಕೈಯಲ್ಲಿ ನಮ್ಮನ್ನು ಎತ್ತುತ್ತದೆ.

ಮಾರ್ಚ್ ೫, ಬುಧವಾರ

ನನ್ನ ಮಗನೇ ನನಗೆ ಶತ್ರು. ಮಾರಿ ಬರುವಾಗ ನೋಡುತ್ತೇನೆ, ಗುರುವನ ಅಂಗಡಿಯ ಜಗಲಿಯಲ್ಲಿ ಕೂತಿದ್ದಾನೆ. ಪಕ್ಕದಲ್ಲಿ ಗುರುವನ ಮಗಳು ಸುರಕ್ಷಾ. ಇಬ್ಬರಿಗೂ ಒಂದೇ ತರಗತಿ. ಅವಳು ಲೆಕ್ಕ ಹೇಳಿಕೊಡುತ್ತಿದ್ದಾಳೆ, ಇವನ ಕೈಯಲ್ಲಿ ಅವರ ಮನೆಯ ಚೆಂಬು. ಗಟಗಟ ಕುಡಿಯುತ್ತಿದ್ದಾನೆ.

ಕಿವಿ ಹಿಡಿದು ಕರೆತಂದೆ. ಅವನು ಅಳಲಿಲ್ಲ, ಎದುರು ಮಾತೂ ಜೋರಾಗಿ ಆಡಲಿಲ್ಲ.

"ಆಣಿ ನಿಂದ್ ಅಮ್ಮ. ಬಾಯಾರ್ಕಿ ನಂದ್" ಎಂದ, ಅಷ್ಟೇ.

ಅತ್ತೆ ಒಳಗಿನಿಂದ ಶಭಾಷ್ ಎಂದರು.

ಆ ಫ್ರಿಜ್ಜು ಅಂಗಡಿಯಲ್ಲಿಲ್ಲ. ಕಂಪನಿಯವರು ವಾಪಸು ಕೊಂಡುಹೋದರಂತೆ, ಮಾರಾಟವಿಲ್ಲವೆಂದು. ಅದು ನಿಂತಿದ್ದ ಜಾಗದಲ್ಲಿ ನೆಲ ಮಾತ್ರ ಬೆಳ್ಳಗೆ ಚೌಕವಾಗಿದೆ. ಗುರುವ ಅಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ, ನನ್ನನ್ನು ಕಂಡು ಎದ್ದು ಒಳಗೆ ಹೋದ. ಇಷ್ಟಕ್ಕೆ ನಾನು ತೃಪ್ತಿಪಡುವವಳಲ್ಲ. ಗುಡಿಗೆ ಬರಬೇಕು, ಕೈ ಮುಗಿಯಬೇಕು.

ಮಾರ್ಚ್ ೧೦, ಸೋಮವಾರ

ಇವತ್ತು ಆ ಹುಡುಗಿ ಡಾಕ್ಟರರ ಹತ್ತಿರ ಇನ್ನೊಮ್ಮೆ ತೋರಿಸಲು ಹೋದದ್ದೇ ತಪ್ಪು.

ನಾಡಿ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ತುಂಬಾ ಚೆನ್ನಾಗಿದೆ ಎಂದರು. ಏನು ಬದಲಾಯಿಸಿದಿರಿ ಎಂದು ಕೇಳಿದಾಗ ಡಬ್ಬಿ ನಿಲ್ಲಿಸಿದ್ದನ್ನು, ಅಂಗಡಿಯ ಫ್ರಿಜ್ಜು ಹೋದದ್ದನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದೆ. ಅಷ್ಟರಲ್ಲಿ ಇವನು ಬಾಯಿ ಹಾಕಿದ.

"ಅದ್ ಒಂದೇ ಸಲ ಕುಡ್ದದ್ ಡಾಕ್ಟ್ರೇ. ಕಾಫಿ ಕುಡ್ದ್ರೂ ಕಣ್ಣ್ ಮುಚ್ಚಿ ಹೋತಿದ್ದಿತ್, ಅದ್ಕೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಕಾಫಿ ಎಷ್ಟು ಎಂದು ಅವನನ್ನೇ ಕೇಳಿದರು. ಅವನು ಬೆರಳು ಮಡಚಿ ಹೇಳುತ್ತಾ ಹೋದ. ನಾಲ್ಕು ಗಂಟೆಯದ್ದು, ಫ್ಲಾಸ್ಕಿನದ್ದು, ಶಾಲೆಗೆ ಹೋಗುವಾಗಿನದ್ದು, ಬಂದ ಮೇಲಿನದ್ದು, ಓದಲು ಕೂರುವಾಗಿನದ್ದು. ಒಂದು ಕೈ ಮುಗಿಯಿತು. ರಾತ್ರಿಯ ಊಟದ ಮೇಲಿನದಕ್ಕೆ ಇನ್ನೊಂದು ಕೈ ಎತ್ತಿದ. ನಮ್ಮ ಮನೆಯ ಲೋಟ ಎಷ್ಟು ದೊಡ್ಡದು ಎಂದೂ ಕೈಯಲ್ಲಿ ತೋರಿಸಿದ. ಅಷ್ಟು ದೊಡ್ಡದೇನಲ್ಲ ಅದು.

"ರಾತ್ರಿ ನಿದ್ದೆ ಬರಲಿಲ್ಲ ಅಂತ ಹಗಲು ಮಂಕು. ಮಂಕು ಅಂತ ಇನ್ನೊಂದು ಲೋಟ. ಅದರ ಮೇಲೆ ಆ ಡಬ್ಬಿ ಬಿತ್ತು. ದೊಡ್ಡವರ ಮೈಗೇ ಇದು ಹೆಚ್ಚು" ಎಂದರು. ಗದರಲಿಲ್ಲ, ಗದರಿದ್ದರೆ ನಾನೂ ಉತ್ತರ ಕೊಡುತ್ತಿದ್ದೆ. ಆಮೇಲೆ ನಗುತ್ತಾ ಕೇಳಿದರು, "ಮತ್ತೆ ಕಾಫಿ ಬಿಡಿಸಿದ್ದು ಯಾರು? ಅಮ್ಮನಾ?"

"ಅಲ್ಲ, ಬಾವಿ" ಎಂದ ಸುಜನ್.

ಬಸ್ಸಿನಲ್ಲಿ ಅವನನ್ನು ಮುಂದೆ ಕೂರಿಸಿ ನಾನು ಹಿಂದಿನ ಸೀಟಿನಲ್ಲಿ ಕೂತೆ. ಆ ಡಾಕ್ಟರಿಗೆ ಏನು ಗೊತ್ತು? ನನ್ನ ಅಮ್ಮ ನನಗೆ ಆರು ವರ್ಷಕ್ಕೇ ಕಾಫಿ ಕೊಟ್ಟು ಬಂದರಿಗೆ ಕರೆದುಕೊಂಡು ಹೋಗುತ್ತಿದ್ದಳು. ನಾನು ಬಿದ್ದೆನಾ? ನಿದ್ದೆ ಮಾತ್ರ ನನಗೆ ಮೊದಲಿನಿಂದಲೂ ಕಡಿಮೆ. ಅದು ನಮ್ಮ ಮನೆತನದ ರೀತಿ.

ಮಾರ್ಚ್ ೧೧, ಮಂಗಳವಾರ

ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ಅನ್ನ ಕಲಸುತ್ತಾ, ಏನೂ ಅರಿಯದವರ ಹಾಗೆ ಕೇಳಿದರು.

"ಹಂಗಾರೆ ಆ ಆಣಿ ಈಗ ಯಾರ್ ಮನಿ ನೀರಿಗೆ?"

ನನ್ನ ಕೈ ಲೋಟದ ಮೇಲಿತ್ತು. ಎತ್ತಲಾಗಲಿಲ್ಲ.

ಮಾರ್ಚ್ ೧೩, ಗುರುವಾರ

ಎರಡು ದಿನದಿಂದ ಮನೆಯಲ್ಲಿ ನೀರು ಮುಟ್ಟಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಇಳಿಯುವುದಿಲ್ಲ. ಬಾಯಿಗೆ ಹೊಯ್ದುಕೊಂಡರೆ ಆ ಗುಡಿಯಲ್ಲಿ ನಾನೇ ಹೇಳಿದ ಮಾತು ಅಡ್ಡ ನಿಲ್ಲುತ್ತದೆ. ಯಾರ ಮನೆಯಿಂದ ಬಂದು ಅವನ ಬಾಯಿಗೆ ಹೋಯಿತೋ. ಎಷ್ಟು ಜಾಣತನದಿಂದ ಹೆಸರು ಬಿಟ್ಟಿದ್ದೆ. ಹೆಸರು ಹೇಳಿದ್ದರೆ ಅದು ಗುರುವನ ಹತ್ತಿರವೇ ನಿಲ್ಲುತ್ತಿತ್ತು. ಅಂಜಲ್ ಬಲೆ ಬೀಸಿ ನಮ್ಮದೇ ದೋಣಿಯ ಹುಟ್ಟು ಸಿಕ್ಕಿಸಿಕೊಂಡ ಹಾಗಾಯಿತು.

ಮಾರುವ ಮನೆಗಳಲ್ಲಿ ಬಾಯಾರಿದೆ ಎಂದು ಆಸರಿಗೆ ಕೇಳಿ ಕುಡಿಯುತ್ತೇನೆ. ಬೆಲ್ಲ ನೀರು ಕೊಡುತ್ತಾರೆ. ಕೊಟ್ಟು, ಗುರುವನ ಅಂಗಡಿಗೆ ನಾವು ಹೋಗುವುದೇ ಇಲ್ಲ ಮಾರಾಯ್ತಿ ಎನ್ನುತ್ತಾರೆ. ನೀರು ಮೂಗಿಗೆ ಹತ್ತುತ್ತದೆ.

ಬರುವ ವಾರ ಪರೀಕ್ಷೆ. ಬಾಕಿ ಉಳಿದ ಆಣೆ ಹಾಕಿದವರನ್ನು ಬಿಟ್ಟು ಮಕ್ಕಳ ಮೇಲೆ ಹೋಗುತ್ತದೆ ಎನ್ನುತ್ತಾರೆ. ಅದೊಂದೇ ನನಗೆ ಹೆದರಿಕೆ. ಇಲ್ಲದಿದ್ದರೆ ನಾನು ಬೇಸಗೆಯಿಡೀ ಪರರ ಮನೆಯಲ್ಲೇ ಕುಡಿದು ತೋರಿಸುತ್ತಿದ್ದೆ.

ಸೂರಣ್ಣನ ಹತ್ತಿರ ಹೋದೆ. ಆಚೆಯ ಊರು ನಾವುಂದದಲ್ಲಿ ಒಬ್ಬಳು ಇದ್ದಾಳೆ, ಅವಳು ಹೀಗೊಂದು ಆಣೆ ಹಾಕಿ ಅದು ಅವಳ ಮನೆಗೇ ತಾಗಿದೆ, ಏನು ಮಾಡಬೇಕು ಎಂದು ಕೇಳಿದೆ. ಸೂರಣ್ಣ ಬತ್ತಿ ಹೊಸೆಯುತ್ತಿದ್ದವರು ತಲೆ ಎತ್ತಲಿಲ್ಲ. ತಪ್ಪಾಯಿತೆಂದು ಇಲ್ಲಿ ಹೇಳುವುದು ಸುಲಭ, ಆ ನಾವುಂದದವಳು ಈಗಲೇ ಹೇಳಿಬಿಡಲಿ ಎಂದರು. ಹೇಳಿದೆ. ಅಷ್ಟಕ್ಕೇ ಬಿಡುವುದಿಲ್ಲವಂತೆ. ಯಾರ ಮೇಲೆ ಸಂಶಯ ಮಾಡಿದ್ದಳೋ ಆ ಮನೆಯವರ ಕೈಯಿಂದ ನೀರು ಕುಡಿಯಬೇಕು. ಎಲ್ಲೆಲ್ಲಿ ದೂರು ಹೇಳಿದ್ದಳೋ ಆ ಮನೆಗಳಿಗೆ ಹೋಗಿ ಹೇಳಿದ್ದನ್ನು ವಾಪಸು ತೆಗೆದುಕೊಳ್ಳಬೇಕು.

"ಮನಿ ಸುಮಾರ್ ಇತ್ತಾ ಅವ್ಳಿಗೆ?" ಎಂದು ಕೇಳಿದರು.

"ಮೀನ್ ಮಾರುವಳ್" ಎಂದೆ.

"ಹಾಂಗಾರೆ ಕಾಲ್ ಗಟ್ಟಿ ಇಪ್ಪುದ್. ಹೋಗ್ಲಿ" ಎಂದರು.

ಮಾರ್ಚ್ ೧೪, ಶುಕ್ರವಾರ

ಬೆಳಿಗ್ಗೆ ಸುಲಭದ ದಾರಿ ಹುಡುಕಿದ್ದೆ. ದಣಪೆಯ ಮೇಲೆ ಕೊಡ ಹೇಗೂ ಇರುತ್ತದೆ. ಅವಳು ತಾನೇ ತುಂಬಿಸಿಟ್ಟದ್ದು, ಅವಳ ಕೈ ನೀರೇ ಆಯಿತಲ್ಲ. ಯಾರೂ ನೋಡದಾಗ ಒಂದು ಬೊಗಸೆ ಕುಡಿದರೆ ಮುಗಿಯಿತು.

ಕೊಡ ಇರಲಿಲ್ಲ.

ಇಷ್ಟು ದಿನ ಒಂದು ದಿನವೂ ತಪ್ಪಿಸದವಳು ಇವತ್ತೇ ಇಡಲಿಲ್ಲ. ನಾನು ದಣಪೆಯ ಹತ್ತಿರ ಕೆಲಸವಿರುವವಳ ಹಾಗೆ ಸುಮ್ಮನೆ ತಿರುಗಿದೆ. ಗರಿ ಹೆಕ್ಕಿದೆ, ಬುಟ್ಟಿ ಕೊಡವಿದೆ. ಬಿಸಿಲು ಏರಿತು. ನಾಲಿಗೆ ಅಂಗುಳಿಗೆ ಅಂಟಿತ್ತು. ಕೊನೆಗೆ ದಣಪೆ ದಾಟಿ ಅವಳ ಅಂಗಳಕ್ಕೆ ಕಾಲಿಟ್ಟೆ.

ಗುರುವ ಮನೆಗೆ ತಾಗಿದ ಅಂಗಡಿಯಿಂದ ನೋಡಿ, ಇನ್ನೂ ಏನು ಬಾಕಿಯಿದೆ ಎನ್ನುವ ಮುಖ ಮಾಡಿದ. ಅವನಿಗೆ ಒಂದು ಮಾತು ಹೇಳಿದೆ. ಡಬ್ಬಿ ಮಾರಿದ್ದು ನಿನ್ನ ತಪ್ಪೇ, ಅದನ್ನು ನಾನು ಬಿಡುವುದಿಲ್ಲ, ಆದರೆ ನಿದ್ದೆ ಕದ್ದವನು ನೀನಲ್ಲ ಎಂದೆ. ಮತ್ತೆ ಯಾರು ಎಂದು ಅವನು ಕೇಳಲಿಲ್ಲ. ಸುಜನ್‌ನಂಥ ಮಕ್ಕಳಿಗೆ ಅಂಥದ್ದು ಇನ್ನು ಕೊಡುವುದಿಲ್ಲ ಎಂದು ನೆಲ ನೋಡುತ್ತಾ ಹೇಳಿದ.

ಸುಗುಣ ಬಾವಿಕಟ್ಟೆಯಲ್ಲಿದ್ದಳು. ಕೈಯಲ್ಲಿ ತುಂಬಿದ ಕೊಡಪಾನ. ನನ್ನನ್ನು ನೋಡಿದಳು, ಕೊಡಪಾನ ಕೆಳಗಿಡಲಿಲ್ಲ. ನೀರು ಕೊಡು ಎಂದೆ. ಕೇಳಿಸಲಿಲ್ಲ ಎನ್ನುವ ಹಾಗೆ ನಿಂತಳು. ಇನ್ನೊಮ್ಮೆ ಹೇಳಿಸಿದಳು ಕಳ್ಳಿ. ನಾನು ಆಣೆಯ ಕಥೆಯನ್ನೆಲ್ಲ ಹೇಳಿದೆ, ನಾವುಂದದವಳನ್ನು ಬಿಟ್ಟು. ಕಾಫಿಯ ಮಾತು ಬಂದಲ್ಲಿ ಸ್ವಲ್ಪ ಬೇಗ ಬೇಗ ಹೇಳಿದೆ.

ಅವಳು ಪೂರ್ತಿ ಕೇಳಿದಳು. ಆಮೇಲೆ ಗಲ್ಲದಿಂದ ದಣಪೆಯ ಕಡೆ ತೋರಿಸಿದಳು.

"ನನ್ ನೀರಿಗ್ ಜಾಗ ಯಾವ್ದಂದ್ ನಿಂಗ್ ಗೊತ್ತಿತ್ತಲೆ. ಹೋಗ್, ಆ ಸಸಿ ಬುಡ್ದಲ್ ಕೂಕೋ. ಅಲ್ಲೇ ಹೊಯ್ತೆ."

ಶಾಲೆಯ ಬೆಂಚಿನಲ್ಲಿ ಕೂತಿದ್ದಾಗಲೂ ಅವಳು ಹೀಗೆಯೇ. ಒಂದು ಮುಳ್ಳನ್ನೂ ಮರೆಯುವವಳಲ್ಲ.

ಹೋದೆ. ಸಸಿಯ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತೆ. ಅತ್ತೆ ಕಿಟಕಿಯಲ್ಲಿ, ಗುರುವ ಅಂಗಡಿಯ ಬಾಗಿಲಲ್ಲಿ, ಮಕ್ಕಳಿಬ್ಬರು ಜಗಲಿಯಲ್ಲಿ. ಬೊಗಸೆ ಹಿಡಿದೆ. ಅವಳು ದಣಪೆಯ ಮೇಲೆ ನಿಂತು ಎತ್ತರದಿಂದ ಹೊಯ್ದಳು. ನಿಧಾನವಾಗಿ, ನಾನು ಹೊಯ್ಯುತ್ತಿದ್ದ ಹಾಗೆಯೇ. ನೀರು ಬೊಗಸೆಗೆ ಬಿದ್ದು ಮುಖಕ್ಕೆ ಹಾರಿತು, ಮೊಣಕೈಯಿಂದ ಇಳಿದು ಸಸಿಗೆ ಹೋಯಿತು. ಕುಡಿದೆ. ಉಸಿರು ತೆಗೆದುಕೊಂಡು ಮತ್ತೆ ಕುಡಿದೆ. ಎಳನೀರಿನ ಹಾಗೆ ಎಂದು ಹಿಂದೆ ಬರೆದಿದ್ದೆ, ಅದು ತಪ್ಪು. ಅದಕ್ಕಿಂತ ಒಳ್ಳೆಯದು.

"ಸಾಕಾ?" ಎಂದಳು.

"ಇನ್ನೊಂಚೂರ್" ಎಂದೆ.

ಮಾರ್ಚ್ ೨೧, ಶುಕ್ರವಾರ

ಇವತ್ತು ಮೊದಲ ಪರೀಕ್ಷೆ. ಸುಜನ್ ತಾನೇ ಎದ್ದ. ಒಲೆಯ ಹತ್ತಿರ ಬಂದು, ಇವತ್ತೊಂದು ದಿನ ಅರ್ಧ ಲೋಟ ಕಾಫಿ ಎಂದು ಕೇಳಿದ. ಸುಗುಣನ ನೀರಿನಲ್ಲಿ ಮಾಡಿದ್ದು, ಪರಿಮಳ ಇಡೀ ಮನೆಗೆ ಹರಡಿತ್ತು. ಲೋಟ ಕೈಗೆತ್ತಿಕೊಂಡದ್ದು ಹೌದು. ಆಮೇಲೆ ಗಂಜಿ ಬಡಿಸಿದೆ. ಮೇಲೊಂದು ಸೌಟು ತೆಳಿ. ಅವನು ಮುಖ ಹುಳಿ ಮಾಡಿಕೊಂಡು ಉಂಡು ಹೋದ. ದಣಪೆಯ ಆಚೆಯಿಂದ ಸುರಕ್ಷಾ ಕೂಡ ಅದೇ ಮುಖದಲ್ಲಿ ಬಂದಳು, ಅಲ್ಲೂ ಕಾಫಿ ಸಿಕ್ಕಿಲ್ಲ.

ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವ ಮನೆಗಳು ಇನ್ನೂ ಇವೆ. ಗುರುವನ ಕಥೆ ಹೇಳುವಾಗ ಎಲ್ಲರೂ ಕಿವಿ ಕೊಟ್ಟಿದ್ದರು. ಇದನ್ನು ಹೇಳುವಾಗ ಮೀನು ಬೇಗ ಕೊಡು ಎನ್ನುತ್ತಾರೆ. ಪದ್ದು ಒಬ್ಬಳು ಪೂರ್ತಿ ಕೇಳಿ, ಎರಡು ಸಲ ಹೇಳಿಸಿದಳು. ಅವಳಿಗೆ ನಿನ್ನೆಯ ಮೀನು ಕೊಡಬೇಕೆಂದಿದ್ದೆ, ಬುಟ್ಟಿಯಲ್ಲಿ ಇವತ್ತಿನದ್ದೇ ಇತ್ತು.

ಆದರೆ ಇಡೀ ಕೇರಿಯ ಮುಂದೆ ನನ್ನನ್ನು ಸಸಿಯ ಬುಡದಲ್ಲಿ ಕೂರಿಸಿ ನೀರು ಹೊಯ್ದಳಲ್ಲ ಸುಗುಣ, ಅದನ್ನು ನಾನು ಮರೆಯುವುದಿಲ್ಲ. ಸೇಡು ತೀರಿಸಿಯೇ ತೀರಿಸುತ್ತೇನೆ. ಇವತ್ತು ಬಂದರಿನಲ್ಲಿ ದೊಡ್ಡ ಅಂಜಲ್ ಸಿಕ್ಕಿತು. ತಲೆಯ ಹೋಳು ಅವಳಿಗೆಂದು ಬೇರೆ ತೆಗೆದಿಟ್ಟಿದ್ದೇನೆ. ಅವಳು ಬಂದು ಕೇಳಲಿ. ಒಂದು ಸಲಕ್ಕೆ ಕೊಡುವವಳಲ್ಲ ನಾನು, ಎರಡು ಸಲ ಕೇಳಿಸುತ್ತೇನೆ.